ಹಿಪ್ಪುನೇರಳೆ ಎಲೆಗೊಂದು ತಿದ್ದುಪಡಿ

ಹನ್ನೊಂದು ವರ್ಷದ ಹಿಂದೆ, ಶಿಡ್ಲಘಟ್ಟದ ಕಾಲೇಜಿನಲ್ಲಿ,
ಊಟದ ನಂತರದ ಪೀರಿಯಡ್ಡು, ಅರ್ಧ ಕ್ಲಾಸು ತೂಕಡಿಸುವಾಗ
ಹಿಪ್ಪುನೇರಳೆಯ ಎಲೆಯೊಂದನ್ನು ಎತ್ತಿ ಹಿಡಿದು ಹೇಳಿದ್ದೆ:
ಬಿಸಿಲಿನ ಕಣವೊಂದು ಇದರೊಳಗೆ ಬಿದ್ದರೆ
ದಾರಿ ಹುಡುಕುವುದಿಲ್ಲ, ಯಾರನ್ನೂ ಕೇಳುವುದಿಲ್ಲ,
ಇರುವ ಎಲ್ಲ ದಾರಿಗಳನ್ನೂ ಒಂದೇ ಸಲಕ್ಕೆ ನಡೆದು ನೋಡಿ
ಹತ್ತಿರದ್ದನ್ನು ಆರಿಸುತ್ತದೆ.

ಎಚ್ಚರಾದರು. ನನಗೆ ಅಷ್ಟು ಸಾಕಿತ್ತು.
ಕೊನೆಯ ಬೆಂಚಿನ ಮುಬೀನ ಮಾತ್ರ ಬರೆದುಕೊಂಡಳು,
ಹಸಿರು ಇಂಕಿನಲ್ಲಿ,
ಕೆಳಗೆ ಎರಡು ಗೆರೆ ಎಳೆದು.

ಆ ಎರಡು ಗೆರೆ ನನ್ನನ್ನು ಬಿಡಲಿಲ್ಲ.

ಆಮೇಲಿನ ಪ್ರಬಂಧಗಳನ್ನು ಒಂದೊಂದಾಗಿ ಓದಿದೆ.
ಮೊದಲು ಅಳೆದದ್ದು ಎಲೆಯನ್ನೇ ಅಲ್ಲ,
ಗಂಧಕದ ಕೆಸರಲ್ಲಿ ಬದುಕುವ ಹಸಿರು ಬ್ಯಾಕ್ಟೀರಿಯದ ಒಂದು ತುಣುಕನ್ನು,
ಅದೂ ದ್ರವ ಸಾರಜನಕದ ಕೊರೆತದಲ್ಲಿ.
ಎಲ್ಲರೂ ಬೆರಗಾಗಿ ನೋಡಿದ ಆ ಅಲೆ
ಬಹುಪಾಲು ಅಣುಗಳ ಬರಿಯ ನಡುಕವಂತೆ.
ನಮ್ಮ ಬೆಚ್ಚನೆಯ ಲೋಕದಲ್ಲಿ
ಎಲ್ಲ ಕಡೆ ಒಟ್ಟಿಗಿರುವ ಆ ಸ್ಥಿತಿಗೆ ಆಯುಸ್ಸೆಷ್ಟು?
ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿ,
ಒಂದು ಚೂರನ್ನು ಮತ್ತೆ ಕೋಟಿ ಚೂರು ಮಾಡಿದರೆ
ಅದರಲ್ಲಿ ಆರು.

ಆರೇ ಆರು.
ನಾನು ಅದಕ್ಕೆ ನಲವತ್ತು ನಿಮಿಷದ ಪಾಠ ಮಾಡಿದ್ದೆ.

ಸ್ಕೂಟರು ಸಂದಿಯಲ್ಲಿ ಹೋಗಲಿಲ್ಲ, ಇಳಿದು ತಳ್ಳಿದೆ.
ಬೆಂದ ಹುಳದ ವಾಸನೆ ಮನೆಯ ನಂಬರು ಹೇಳಿತು.
ಆರು ಬಾಣಲೆ, ಆರು ಚರಕ, ತಗಡಿನ ಸೂರಿಗೆ ಹಬೆ,
ಓಡಾಡುವ ಬೆಲ್ಟಿನ ಗಲಾಟೆಯಲ್ಲಿ
ಮುಬೀನ ಈಗ ಯಜಮಾನಿ. ಬೆರಳ ತುದಿ ಬೆಳ್ಳಗೆ ಸುಕ್ಕಾಗಿದೆ.

'ಅವತ್ತು ತಪ್ಪು ಹೇಳಿದ್ದೆನಮ್ಮ' ಎಂದೆ. ಕೇಳಿಸಲಿಲ್ಲ.
ಕಿರುಚಿದೆ. ಆರು ಬಾಣಲೆಯವರೂ ತಿರುಗಿ ನೋಡಿದರು.

ಎಲ್ಲ ಕೇಳಿಸಿಕೊಂಡು, ಟೀ ತರಿಸಿ,
'ಹಂಗಾದ್ರೆ ಬಿಸಿಲು ಒಳಗೆ ಹೆಂಗೆ ಹೋಗ್ತದೆ ಸಾ?' ಎಂದಳು.
ಎಡವುತ್ತಾ ಹೋಗುತ್ತದೆ, ಒಂದು ಅಣುವಿನಿಂದ ಪಕ್ಕದ್ದಕ್ಕೆ.
ಅಲ್ಲೊಂದು ಮೆಟ್ಟಿಲು ಎತ್ತರ, ಇಲ್ಲೊಂದು ತಗ್ಗು,
ಸಿಕ್ಕಿಕೊಳ್ಳುತ್ತದೆ.
ಸೆಕೆ ಎಲ್ಲವನ್ನೂ ಅಲ್ಲಾಡಿಸಿ
ಒಂದು ಗಳಿಗೆ ಎರಡು ಮೆಟ್ಟಿಲನ್ನು ಸಮ ಮಾಡುತ್ತದೆ,
ಅಷ್ಟರಲ್ಲಿ ದಾಟಿಬಿಡುತ್ತದೆ.

ಅವಳು ಕುದಿನೀರಿಗೆ ಬ್ರಷ್ಷು ಅದ್ದಿ ಎತ್ತಿದಳು.
ಹತ್ತು ಗೂಡಿನ ಹತ್ತು ಎಳೆ ಒಂದಾಗಿ ಎದ್ದವು,
ಕೆಳಗೆ ಗೂಡುಗಳು ಮೈಮರೆತು ಕುಣಿದವು.
'ಇದೂ ಅಂಗೇನೆ. ಸುಮ್ಕೆ ನಿಂತ್ರೆ ಎಳೆ ಬಿಚ್ಚಲ್ಲ.
ಕುಣೀಬೇಕು. ಜಾಸ್ತಿ ಕುಣಿದ್ರೆ ಕಿತ್ತೋಗ್ತದೆ.'

ಮೂವತ್ತು ಪುಟದ ಸಮೀಕರಣ ನನ್ನ ಚೀಲದಲ್ಲಿತ್ತು.
ತೆಗೆಯಲಿಲ್ಲ.

ಕೂದಲಿಗಿಂತ ಸಣ್ಣ ಎಳೆ ನನ್ನ ಕಣ್ಣ ಮುಂದೆ ಹಾಯುತ್ತಿತ್ತು,
ಹುಳ ತಿಂದ ಎಲೆ, ಎಲೆ ತಿಂದ ಬಿಸಿಲು,
ಕಿಲೋಗೆ ಇಷ್ಟು ಎಂದು ಮಾರಾಟವಾಗುವ ಬಿಸಿಲು.

ಹೊರಡುವಾಗ ಕೇಳಿದೆ, ಆ ನೋಟ್ ಬುಕ್ಕು ಇದ್ದರೆ ಕೊಡು,
ಒಂದು ಸಾಲು ಹೊಡೆದುಹಾಕುತ್ತೇನೆ.
'ಎಲ್ಲಿಂದ ತರ್ಲಿ? ಹುಳ ಸಾಕೋರಿಗೆ ಕೊಟ್ಟೆ, ತಟ್ಟೆಗೆ ಹಾಸೋಕೆ.'
ನಕ್ಕೆ. ಅಷ್ಟು ಮುಖ್ಯ ಅಂತ ಎರಡು ಗೆರೆ ಎಳೆದಿದ್ದೆಯಲ್ಲ?

'ಮುಖ್ಯ ಅಂದ್ರೆ ಒಂದು ಗೆರೆ ಸಾ.
ಎರಡು, ಅನುಮಾನಕ್ಕೆ.'

ಸ್ಕೂಟರು ಮೂರನೇ ಒದೆತಕ್ಕೆ ಎದ್ದಿತು.