ಬಿ ಬದಿಯ ಮೂರನೇ ಹಾಡು

ಹೆಸರು ಹೇಳಬ್ಯಾಡ ತಮ್ಮಾ, ಬಾಯಿ ಮುಚ್ಚು.
ನಿನ್ನ ಅಂಗಿ ಮ್ಯಾಲಿನ ಆ ನಾಕು ತಲಿ ನನಗ ಗೊತ್ತು.
ಎಡಗಡೆಯವಂಗ ನಮ್ಮ ಇಸಾಕ್ ಸಾಬ
ಪೆನ್ನಿಲೆ ಗಡ್ಡ ಬರೆದಿದ್ದ,
ನಡುವಿನವನ ಹಣಿಗೆ ಎರ್ರಿಸ್ವಾಮಿ
ಮೂರು ಗೀಟು ವಿಭೂತಿ.
ನಾವು ಆ ಕವರು ಹಿಡಿದು ಕುಂತ ಕಾಲಕ್ಕ
ನಿಮ್ಮವ್ವ ಇನ್ನಾ ಲಂಗಾ ಹಾಕ್ತಿದ್ಲು.

ಗುಂತಕಲ್ಲು ರೈಲ್ವೆ ಕ್ವಾರ್ಟರ್ಸಿನ ಗಾರ್ಡು ಪಿಂಟೋ
ಎರಡು ಪ್ಯಾಂಟು ಹೊಲಿಸಿಕೊಂಡು ರೊಕ್ಕ ಇಲ್ಲ ಅಂದ,
ಇದನ್ನ ಇಟ್ಟುಕೋ ಅಂತ ಒಂದು ಕ್ಯಾಸೆಟ್ಟು ಕೊಟ್ಟ
ನಮ್ಮ ಮಾವ ಗಾದಿಲಿಂಗಗ.
ಅತ್ತಿ ಆ ರಾತ್ರಿ ಒಲಿ ಹಚ್ಚಲಿಲ್ಲ.

ಕೌಲ್ ಬಜಾರು, ಎರಡನೇ ಗೇಟು ದಾಟಿ ತಗಡಿನ ಶೆಡ್ಡು,
ಹದಿನಾಕು ಮಿಷನ್ನು.
ಜೀನ್ಸಿನ ನೀಲಿ ಧೂಳು ಮಜ್ಜಿಗಿ ಮ್ಯಾಲೂ ತೇಲೋದು.
ಆ ಗದ್ದಲಕ್ಕ ಪಿಚ್ಚರ್ ಹಾಡೆಲ್ಲ ಸಾಯ್ತಿದ್ವು,
ಮೊದಲು ಕೊಳಲು, ಆಮ್ಯಾಲ ಹೆಣ್ಣು ದನಿ.
ಇದೊಂದು ಮಾತ್ರ ಗದ್ದಲದ ಮ್ಯಾಲ ಹತ್ತಿ ಕುಂತಿತು
ಎಮ್ಮಿ ಮ್ಯಾಲ ಹುಡುಗ ಕುಂತಂಗ,
ಕಾಲು ಅಲ್ಲಾಡಿಸ್ಕೋತ.

ಮಾತು? ಒಂದೂ ತಿಳೀಲಿಲ್ಲ.
ಎರ್ರಿಸ್ವಾಮಿಗ ಅದು ತೆಲುಗು: ಪೋರಾ, ನೀ ಪಪ್ಪು ನಾಕೊದ್ದು.
ಇಸಾಕ್ ಸಾಬಗ ಉರ್ದು, ಯಾರೋ ಬಾಕಿ ಕೇಳಾಕ ಬಂದಂಗ.
ನನಗ: ಹಾಲು ತಾ, ಹಾಲು ತಾ.
ಮೂರು ತಿಂಗಳ ಕೂಸು ನಂದು,
ಕಟಿಂಗ್ ಟೇಬಲ್ಲಿನ ಕೆಳಗ
ಡೆನಿಮ್ ಜೋಲಿಯಾಗ ಮಲಗಿರ್ತಿತ್ತು.
ಆ ಸಾಲು ಬಂತಂದ್ರ ನನ್ನ ಕುಪ್ಪಸ ಒದ್ದಿ.
ನಗಬ್ಯಾಡ. ಕೂಸು ಎಚ್ಚರಾಗೋದಕ್ಕಿಂತ ಮೊದಲ
ಹಾಡು ನನ್ನನ್ನ ಎಬ್ಬಿಸ್ತಿತ್ತು.

ಬಿ ಬದಿ, ಮೂರನೇ ಹಾಡು, ಅದರ ಕಥಿನೇ ಬ್ಯಾರೆ.
ಯುಗಾದಿ ಮುಂದಿನ ಬಿಸಿಲು,
ಎರಡು ಸಾವಿರ ಪೀಸಿನ ಆರ್ಡರು,
ಹಾಡಿನ ನಡುವ ಕರೆಂಟು ಹೋತು.
ಹದಿನಾಕು ಮಿಷನ್ನು ಒಮ್ಮಿಗೇ ತೆಪ್ಪಗ.
ಆಗ ಬಟನ್ ಹೊಡಿಯೋ ಹುಲಿಗೆಮ್ಮ
ಯಾರ ಮುಖಾನೂ ನೋಡದಂಗ
ಕತ್ತರಿ ತಿರುವಿ ಟೇಬಲ್ಲಿಗೆ ಬಡಿದ್ಲು:
ಡಬ್, ಡಬ್, ಡಬಡಬ.
ಇಸಾಕ್ ಪೆಡಲ್ ತುಳಿದ, ಬರೀ ಪೆಡಲ್.
ಮಾವ, ಬಾಯಾಗ ಗುಂಡುಸೂಜಿ ಕಚ್ಚಿಕೊಂಡವ,
ಹಲ್ಲಿನ ಸಂದಿಯಿಂದನೇ ಗಿಟಾರು.
ಮಾತು ಹದಿನಾಕು ಬಾಯಾಗ ಹದಿನಾಕು ತರ,
ನಿಲ್ಲೋ ಜಾಗದಾಗ ಮಾತ್ರ ಎಲ್ಲರೂ ನಿಂತ್ರು.

ಕರೆಂಟು ಬಂದಾಗ
ಕ್ಯಾಸೆಟ್ಟು ಬಿಟ್ಟಲ್ಲಿಂದ ಸುರು ಮಾಡ್ತು ಪಾಪ,
ಮೊದಲು ಅಳುಬುರುಕ ದನಿಲೆ, ಆಮ್ಯಾಲ ಸರಿಯಾಗಿ.
ನಾವು ಮುಂದ ಹೋಗಿದ್ವಿ.
ಯಾರೂ ಅದಕ್ಕ ಕಾಯಲಿಲ್ಲ.

ಯಾಕ ಇಷ್ಟು ವರ್ಷ, ಅಂತ ಕೇಳ್ತಿ.
ನನಗೇನು ಗೊತ್ತು?
ಸಂಗನಕಲ್ಲು ಗುಡ್ಡದಾಗ ಒಂದು ಕರಿಕಲ್ಲು ಐತಿ,
ಸಣ್ಣ ಕಲ್ಲಿಲೆ ಹೊಡಿದ್ರ ಗಂಟಿಯಂಗ ಅಂತೈತಿ.
ಎಲ್ಲಾ ಕಡೆ ಅಲ್ಲ, ಕುಳಿ ಬಿದ್ದಲ್ಲಿ ಅಷ್ಟೇ.
ಕುಳಿ ಯಾರೂ ತೋಡಿಲ್ಲ,
ಬಾರಿಸಿ ಬಾರಿಸಿ ಬಿದ್ದದ್ದು.
ಜೋಲಿಯಾಗ ಮಲಗಿದ್ದಳಲ್ಲ, ನನ್ನ ಮಗಳು,
ಹೋದ ವರ್ಷ ಅಲ್ಲಿ ಕುಕ್ಕರಗಾಲಿಲೆ ಕುಂತು
ಸುಮ್ಮನ ಹೊಡಿದ್ಲು: ಡಬ್, ಡಬ್, ಡಬಡಬ.
ನಾನು ಕಲಿಸಿಲ್ಲ. ಆಣಿ ಮಾಡ್ತೀನಿ.

ನಾಕರಾಗ ಇಬ್ಬರು ತೀರಿಕೊಂಡಾರ ಅಂತಿ.
ನಮ್ಮ ಮಾವಾನೂ ಹೋದ.
ಟೇಪು ಇಲಿ ಕಡಿದು ಹನ್ನೆರಡು ವರ್ಷಾತು.
ಹಾಡಿಗೆ ಇನ್ನಾ ಸುದ್ದಿ ಮುಟ್ಟಿಲ್ಲ ಕಾಣ್ತೈತಿ.

ಹಚ್ಚು, ಫೋನಿನಾಗ ಹಚ್ಚು, ಸಣ್ಣಗ.
ಅರ್ಥ ಮಾತ್ರ ಹೇಳಬ್ಯಾಡ, ಹಾಲು ಬತ್ತೀತು.
ಪ್ಯಾಂಟು ಕೊಡು ಇಲ್ಲಿ. ಎರಡು ಇಂಚು ಉದ್ದ ಐತಿ.
ಕತ್ತರಿಸಂಗಿಲ್ಲ, ಒಳಗ ಮಡಚಿ ಹೊಲಿತೀನಿ,
ನಾಳೆ ನಿನ್ನ ತಮ್ಮಗ ಬೇಕಾದ್ರ
ಬಿಚ್ಚಿಕೊಳ್ಳಲಿ.