ಮೂವತ್ತೆರಡನೇ ಕರಾರು

ನಮ್ಮ ಕರಾರುಗಳೆಲ್ಲ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿವೆ.
ಮುಂದಿನ ಹಾಳೆಗಳಲ್ಲಿ ಇನಾಯತ್ ಸಾಹೇಬರ ಗೂಡಿನ ಖರೀದಿ:
ಲಾಟು, ತೂಕ, ಕೇಜಿಗೆ ಇಷ್ಟು.
ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ನಾವು.
ಒಂದು ನೋ ಟ್ರಂಪ್ ಅಂದರೆ ಹದಿನೈದರಿಂದ ಹದಿನೇಳು.
ಅದರ ಮೇಲೆ ಎರಡು ಕಳಾವರ್ ಅಂದರೆ
ಕಳಾವರ್ ಅಲ್ಲ, ಪ್ರಶ್ನೆ.
ಆರು ವರ್ಷಕ್ಕೆ ಮೂವತ್ತೊಂದು ಕರಾರು;
ಹತ್ತೊಂಬತ್ತನೆಯದರ ಮೇಲೆ ಟೀ ಚೆಲ್ಲಿದೆ,
ಅಲ್ಲೇನಿತ್ತೆಂದು ಇಬ್ಬರಿಗೂ ಈಗ ಅನುಮಾನ.

ಅವರಪ್ಪ ಚಿಂತಾಮಣಿಯ ಹುಣಸೆ ಮಂಡಿಯಲ್ಲಿ ದಲ್ಲಾಳಿ.
ಟವೆಲ್ಲಿನ ಕೆಳಗೆ ಕೈಗೆ ಕೈ.
ಬೆರಳು ಅದುಮಿದರೆ ನೂರು, ಗೆಣ್ಣು ಮುಟ್ಟಿದರೆ ಐವತ್ತು.
ಸುತ್ತ ನಿಂತವರಿಗೆ ಕಂಡದ್ದು ಬಟ್ಟೆಯ ಮಿಸುಕಾಟ ಮಾತ್ರ.
ಈ ಆಟದಲ್ಲಿ ಟವೆಲ್ಲಿಲ್ಲ ಸಾಹೇಬರೇ, ಅಂದಿದ್ದೆ ಮೊದಲ ದಿನ,
ನೀವು ನನಗೆ ಹೇಳಿದ್ದರ ಅರ್ಥವನ್ನು
ಎದುರಾಳಿ ಕೇಳಿದರೆ ನಾನೇ ಬಿಡಿಸಿ ಹೇಳಬೇಕು.
ಅವರು ತುಂಬ ಹೊತ್ತು ನಕ್ಕರು.
"ಅಂಗಾದ್ರೆ ಯಾಪಾರ ಎಂಗಾಯ್ತದೆ ಮೇಡಂ?"

ಶಿಡ್ಲಘಟ್ಟ. ಹುರಿ ಮಷೀನಿನ ಅಂಗಡಿಯ ಮಹಡಿ.
ಶನಿವಾರ ಸಂಜೆ ಗೂಡಿನ ಮಾರ್ಕೆಟ್ಟು ತೊಳೆದ ಮೇಲೆ
ನಾಲ್ಕು ಮೇಜು, ಒಂದು ಫ್ಯಾನು,
ಬೆಂದ ಹುಳದ ವಾಸನೆ; ನಮಗದು ವಾಸನೆಯೇ ಅಲ್ಲ.
ಡಾಕ್ಟರ್ ಚೌಡರೆಡ್ಡಿ ಕೂಗಿದರು: ಒಂದು ಆಟಿನ್.

ಸಾಹೇಬರು ಸುಮ್ಮನಾದರು.
ಎಲೆಗಳನ್ನು ಮುಚ್ಚಿ, ಮತ್ತೆ ಬಿಚ್ಚಿ,
ಫ್ಯಾನು ಹನ್ನೆರಡು ಸಲ ಕಿರುಗುಟ್ಟುವ ತನಕ ಸುಮ್ಮನಿದ್ದು
ಪಾಸ್, ಎಂದರು.

ಆ ಪಾಸಿಗಿಂತ ಅದರ ಹಿಂದಿನ ತಡ ನನಗೆ ಜೋರಾಗಿ ಕೇಳಿಸಿತು.
ಹನ್ನೆರಡು ಪಾಯಿಂಟು ಇದ್ದೇ ಇದೆ, ಕೂಗಲು ಒಂದು ಎಳೆ ಸಾಲದು.
ನನ್ನ ಕೈಯಲ್ಲಿ ಐದು ಇಸ್ಪೀಟು, ತಲೆಗೆ ರಾಜ.
ಡಾಕ್ಟರ ಜೊತೆಗಾರ: ಎರಡು ಆಟಿನ್.
ಎರಡು ಇಸ್ಪೀಟು ನನ್ನ ನಾಲಗೆಯ ತುದಿಗೆ ಬಂದು ನಿಂತಿತು.
ಬೇರೆ ದಿನವಾದರೆ ಕೂಗುತ್ತಿದ್ದೆನೋ ಏನೋ,
ಗೊತ್ತಿಲ್ಲ, ಅದೇ ಕಷ್ಟ:
ಕೇಳಿಸಿದ್ದು ಕೇಳಿಸಿತು, ಇನ್ನು ಕಿವುಡಿಯಾಗಬೇಕು.
ತಡವೂ ಒಂದು ಟವೆಲ್ಲು. ಕೆಳಗೆ ಕೈ ಹಾಕಬಾರದು.
ಪಾಸ್, ಎಂದೆ. ಹೊಟ್ಟೆಯೊಳಗೆ ಉರಿಯಿತು.

ಆಟ ಮುಗಿದು ಎಲೆ ಹರಡಿದಾಗ
ಸಾಹೇಬರದು ಆರು ಪಾಯಿಂಟು.
ಇಸ್ಪೀಟು ಒಂದೇ ಒಂದು, ಎರಡರ ಎಲೆ.
ನಾನು ಬಾಯಿಬಿಟ್ಟಿದ್ದರೆ ಡಬಲ್ ಬಿದ್ದು ಮುಳುಗುತ್ತಿದ್ದೆವು.
"ಏನು ಅಂದಾಜು ಮೇಡಂ ನಿಮ್ಮದು!" ಡಾಕ್ಟರು ತಲೆದೂಗಿದರು.
ಹೊಗಳಿಕೆ, ಬೇರೆಯವರ ವಿಳಾಸದ ಕಾಗದದ ಹಾಗೆ
ನನ್ನ ಕೈಗೆ ಬಂತು. ಇಟ್ಟುಕೊಂಡೆ.

ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಕೇಳಿದೆ.
ಇಲ್ಲಿ ಕೇಳಬಹುದು, ಇಲ್ಲಿ ಮೇಜಿಗೆ ನಾಲ್ಕು ದಿಕ್ಕಿಲ್ಲ:
ಆರು ಪಾಯಿಂಟಿಗೆ ಅಷ್ಟೊಂದು ಯೋಚನೆ ಯಾಕೆ?
ಸಾಹೇಬರು ಸಾಸರನ್ನು ಒಂದು ಸುತ್ತು ತಿರುಗಿಸಿದರು.
"ಒಂಬತ್ತು ಕೆಂಪು ಬಂದಿದ್ವು.
ಕೆಂಪು ಅಂತ ಗೊತ್ತಾಗ್ತದೆ.
ಯಾವುದು ಆಟಿನ್, ಯಾವುದು ಡೈಮನ್,
ಯುಗಾದಿಯಿಂದ ಈಚೆಗೆ ಗೊತ್ತಾಗಲ್ಲ."

ಆರು ವರ್ಷ ಆ ಮೌನವನ್ನು ಪಾಯಿಂಟು ಎಣಿಸಿ ಓದಿದವಳು ನಾನು.
ಬಾಣಲೆಯ ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುವುದು ಹೇಗೆ ಮತ್ತೆ?
"ಅದು ಬೆರಳಿಗೇ ಸಿಗ್ತದೆ, ಕಣ್ಣು ಬ್ಯಾಡ.
ಇದನ್ನ ಅವರಿಗೂ ಹೇಳಬೇಕಾ,
ಡಾಕ್ಟರಿಗೆ, ಎಲ್ಲಾರಿಗೂ?"

ಚೀಲದಿಂದ ಪುಸ್ತಕ ತೆಗೆದು ತಲೆಕೆಳಗು ಮಾಡಿದೆ.
ಮೂವತ್ತೆರಡು, ಎಂದು ಬರೆದೆ.
ಪೆನ್ನು ಅಲ್ಲೇ ನಿಂತಿತು.
ಕೊನೆಯ ಬಸ್ಸಿನ ಕಂಡಕ್ಟರು ಚಿಂತಾಮಣಿ ಚಿಂತಾಮಣಿ ಎಂದು ಕೂಗುತ್ತಿದ್ದ.
ಸಾಹೇಬರು ಎದುರಿಗೆ ಕೂತು
ನನ್ನ ತಡವನ್ನು ಓದದೆ
ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು.