ಎಂಟು ಅಕ್ಷರದ ಲೆಕ್ಕ

ಕಲ್ಲಿನ ಮೇಲೆ ಹೆಸರು ಕೊರೆಯುವುದು ನನ್ನ ಕಸುಬು.
ಅಕ್ಷರಕ್ಕೆ ಇಷ್ಟು ಝ್ಲೋಟಿ ಎಂದು ದರ;
ಸತ್ತವರ ಹೆಸರಿಗೂ ಅದೇ, ಗುಣಗಾನಕ್ಕೂ ಅದೇ.
ಹೀಗಾಗಿ ನಮ್ಮೂರ ಗೋರಿಗಳಲ್ಲಿ ಗುಣಗಾನ ಕಡಿಮೆ.

ಲುದ್‌ಗಾರ್ದಾ ಬಂದದ್ದು ಮಾರ್ಚಿಯಲ್ಲಿ,
ಹಿಮ ಕೊಳೆಯಾಗಿ ಕರಗುವ ವಾರ.
ಕೈಯಲ್ಲೊಂದು ಚೀಟಿ: ಅಪ್ಪನ ಹೆಸರು, ಎರಡು ಇಸವಿ.
ಪ್ಶಿಬಿಶ್.
ಕೇಳಲು ಬೆಕ್ಕು ಸೀನಿದಷ್ಟು ಸಣ್ಣದು,
ಬರೆಯಹೋದರೆ ಎಂಟು ಅಕ್ಷರ,
ಅದರಲ್ಲಿ ಎರಡು, ಮೂಲೆಯಲ್ಲಿ ಉಳಿ ಜಾರುವಂಥವು.
"ಜಾಸ್ತಿಯಾಯಿತಲ್ಲ" ಅಂದಳು.
"ಹೆಸರಿಟ್ಟವರನ್ನು ಕೇಳಮ್ಮ" ಅಂದೆ.
ಕೇಳಿದ್ದೇನೆ ಎಂದವಳೇ
ಕಲ್ಲುಪುಡಿಯ ಸ್ಟೂಲಿನ ಮೇಲೆ ಕೂತೇಬಿಟ್ಟಳು.

ಚರ್ಚಿನ ದಫ್ತರದಲ್ಲಿ ಮೊದಲ ಸಾಲು, ಸಾವಿರದ ಆರುನೂರ ತೊಂಬತ್ಮೂರು.
ಪಾದ್ರಿಯ ಶಾಯಿ ನೀರು ನೀರು.
ಉಪ್ಪಿನ ಗಾಡಿಗಳ ಹಿಂದೆ ನಡೆದುಕೊಂಡು
ಓಲ್ಶಾನ್ಕಾ ಎಂಬ ಹಳ್ಳಿಗೆ ಒಬ್ಬ ಬಂದ,
ಒಂದು ಕಿವಿ ಚಳಿಗೆ ಕರ್ರಗಾಗಿತ್ತು.
ಬಾವಿಯ ಬಳಿ ನಿಂತ.
ಊರಿಗೆ ಬಂದವನು ನೀರಿಗೆ ಬಾರದಿರುತ್ತಾನೆಯೇ?
ಹಗ್ಗ ಹಿಡಿದ ಹೆಂಗಸರು ಹೆಸರು ಕೇಳಿದರು.
ಏನೋ ಹೇಳಿದ. ಕೆಮ್ಮಿದ ಹಾಗೆ ಕೇಳಿಸಿತು.
ಸಂಜೆ ಗಂಡಂದಿರು ಯಾರೆಂದರೆ
"ಅವನೇ, ಆ ಬಂದವನು" ಅಂದರು.
ಅಷ್ಟೇ. ಪ್ಶಿಬಿಶ್ ಎಂದರೆ ಅಷ್ಟೇ:
ಬಂದವನು.

ಬಂದವನಿಗೆ ಗಿರಣಿಯಲ್ಲಿ ಕೆಲಸ,
ಆಮೇಲೆ ಗಿರಣಿಯವನ ತಂಗಿ, ಆಮೇಲೆ ಮಗ.
ಮಗ ಎಲ್ಲಿಂದ ಬಂದ? ಒಳಕೋಣೆಯಿಂದ.
ಅವನೂ ಬಂದವನು.
ಮೊಮ್ಮಗ ಜಮೀನ್ದಾರನ ಆಳು,
ಅಪ್ಪಣೆಯಿಲ್ಲದೆ ಹಳ್ಳ ದಾಟುವಂತಿರಲಿಲ್ಲ;
ಅವನೂ ಬಂದವನು.
ಹೆಂಡತಿ ಪ್ಶಿಬಿಶೋವಾ, ಮಗಳು ಪ್ಶಿಬಿಶುವ್ನಾ,
ಬಂದವನ ಹೆಂಡತಿ, ಬಂದವನ ಮಗಳು,
ಇಬ್ಬರೂ ಪಕ್ಕದ ಸಂತೆಯ ಮುಖ ಕಂಡವರಲ್ಲ.
ಇನ್ನೂರೈವತ್ತು ವರ್ಷ ಅದೇ ಬಾವಿಯ ನೀರು ಕುಡಿದು
ಅದೇ ಲಿಂಡನ್ ಮರದ ಬುಡಕ್ಕೆ ಮೂಳೆ ಕೊಟ್ಟರು.
ಬಾವಿ ಹಳತಾಯಿತು, ಮರ ಟೊಳ್ಳಾಯಿತು,
ಅವರು ಮಾತ್ರ ಈಗಷ್ಟೇ ಬಂದವರು.

ವಿಯೆನ್ನಾದ ಗುಮಾಸ್ತ ಹೆಸರನ್ನು ತನ್ನ ಕಾಗುಣಿತಕ್ಕೆ ಬಗ್ಗಿಸಿದ.
ಫ್ರಾನ್ಸಿನ ಕಲ್ಲಿದ್ದಲ ಗಣಿಗಿಳಿದ ಚಿಕ್ಕಜ್ಜನನ್ನು
ಮೇಸ್ತ್ರಿ 'ಪ್ರಿಬಿ' ಅಂದ,
ಬಾಲ ಕತ್ತರಿಸಿದ ನಾಯಿಮರಿಯಂತೆ.
ಅವನ ಮೊಮ್ಮಕ್ಕಳು ಈಗಲೂ ಕ್ರಿಸ್ಮಸ್ಸಿಗೆ ಕಾರ್ಡು ಹಾಕುತ್ತಾರೆ.
ಅವರಿಗೆ ಅರ್ಥ ಗೊತ್ತಿಲ್ಲ. ಪುಣ್ಯವಂತರು.

ಆಮೇಲೆ ಯುದ್ಧ ಮುಗಿದು ನಕಾಶೆಯನ್ನು ಪಶ್ಚಿಮಕ್ಕೆಳೆದರು,
ಚಾಪೆ ಎಳೆದ ಹಾಗೆ, ಮಲಗಿದ್ದವರ ಸಮೇತ.
ಮೂರು ವಾರ ದನದ ವ್ಯಾಗನ್ನಿನಲ್ಲಿ
ಒಂದು ಹಸು, ಹೊಲಿಗೆ ಯಂತ್ರ, ಎರಡು ಜೇನುಪೆಟ್ಟಿಗೆ,
ಒಂಬತ್ತು ವರ್ಷದ ಅಪ್ಪ.
ಓದ್ರಾ ನದಿಯ ದಂಡೆಗೆ, ಈ ಪಟ್ಟಣಕ್ಕೆ ಬಂದಿಳಿದು
ಸಾಲಿನಲ್ಲಿ ನಿಂತರೆ, ಅಧಿಕಾರಿ ತಲೆಯೆತ್ತದೆ ಕೇಳಿದ:
ಹೆಸರು?
ಪ್ಶಿಬಿಶ್.
"ಬಂದವರು ಅಂತ ಕಾಣುತ್ತಿದೆಯಲ್ಲಯ್ಯಾ,
ಇಲ್ಲಿ ಎಲ್ಲರೂ ಬಂದವರೇ. ಹೆಸರು ಹೇಳು."

"ಎಪ್ಪತ್ತು ವರ್ಷ ಇದನ್ನೇ ಹೇಳಿದ ಅಪ್ಪ" ಅಂದಳು ಲುದ್‌ಗಾರ್ದಾ,
"ಪ್ರತಿಸಲ ಮೊದಲು ನಗುತ್ತಿದ್ದವನೂ ಅವನೇ."

ಹೊಸ ಕಲ್ಲು ಅವಳ ಕೈಗೆಟುಕಲಿಲ್ಲ.
ಹಿತ್ತಲ ಗೋಡೆಗೆ ಒರಗಿದ್ದ ಕಪ್ಪು ಕಲ್ಲು ತೋರಿಸಿದೆ.
ನನ್ನಜ್ಜ ನಲವತ್ತೇಳರಲ್ಲಿ ಗಾಡಿಯಲ್ಲಿ ತಂದದ್ದು.
ಎಲ್ಲಿಂದ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ;
ಗೊತ್ತಿದ್ದುದನ್ನು ಏನು ಕೇಳುವುದು?

ಅವಳು ಹೋದ ಮೇಲೆ ಕಲ್ಲು ತಿರುಗಿಸಿದೆ.
ಹಾವಸೆಯ ಅಡಿಯಲ್ಲಿ ಮುಳ್ಳುಮುಳ್ಳಾದ ಹಳೆಯ ಲಿಪಿ:
ನಾಯ್ಮನ್.
ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಮಾತ್ರ
ಜರ್ಮನ್ ಆಡುತ್ತಿದ್ದ ಅಜ್ಜಿ ನನಗೆ ಒಂದಿಷ್ಟು ಬಿಟ್ಟುಹೋಗಿದ್ದಳು.
ಹೊಸ ಮನುಷ್ಯ. ಹೊಸಬ.
ಯಾವ ಕಾಲದಲ್ಲಿ ಯಾವ ಬಾವಿಯ ಬಳಿ ನಿಂತವನೋ.
ಉಜ್ಜುವ ಯಂತ್ರ ಹಚ್ಚಿದೆ.
ಆರಿಸಿದೆ. ಊಟಕ್ಕೆ ಹೋದೆ.

ಶುಕ್ರವಾರ ಅವಳಿಗೆ ಎರಡೂ ಮಗ್ಗುಲು ತೋರಿಸಿ
ಅರ್ಥವನ್ನೂ ಹೇಳಿದೆ.
ಗ್ಲೌಸಿನ ಬೆರಳಿಂದ ಒಂದೊಂದೇ ಅಕ್ಷರ ಒತ್ತಿ ಎಣಿಸಿದಳು.
"ಏಳು. ನಮಗಿಂತ ಒಂದು ಕಮ್ಮಿ."
ಬಹಳ ಹೊತ್ತು ಸುಮ್ಮನಿದ್ದಳು.
"ಅಳಿಸೋದಕ್ಕೂ ದುಡ್ಡಾ?"
"ಅದಕ್ಕೂ ಅಕ್ಷರದ ಲೆಕ್ಕವೇ."
"ಹಾಗಾದರೆ ಇರಲಿ ಬಿಡಿ" ಅಂದು
ಕೈಚೀಲದ ಗುಂಡಿ ಹಾಕಿದಳು.